ಅರಾಬಾ ಟೀಚರ್ ಬರೆದ ಸುಳ್ಳು ಪುಟ

ಅರಾಬಾ ಟೀಚರ್ ಅವರನ್ನು ನಾನು ಹನ್ನೊಂದು ವರ್ಷ ನಂಬಲಿಲ್ಲ. ವಾರಕ್ಕೆ ಎರಡು ಸಲವಾದರೂ ನನ್ನ ಅಂಗಡಿಗೆ ಬರುತ್ತಿದ್ದರು, ನನ್ನ ಕುರ್ಚಿಯಲ್ಲೇ ಕೂರುತ್ತಿದ್ದರು, ನನ್ನ ಫ್ಯಾನನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಅವರು ಬರೆದದ್ದನ್ನು ನಾನು ಅಚ್ಚು ಹಾಕುತ್ತಿದ್ದೆ. ಆದರೆ ನಂಬಿಕೆ ಬೇರೆ ಮಾತು. ಸತ್ತವರ ಮನೆಗೆ ಹೋಗಿ, ಅಳುವವರ ನಡುವೆ ನೋಟ್‌ಬುಕ್ ಬಿಚ್ಚಿ, "ಇವರಿಗೆ ಯಾರ ಜೊತೆ ಮಾತಿರಲಿಲ್ಲ?" ಎಂದು ಮೊದಲ ಪ್ರಶ್ನೆ ಕೇಳುವ ಹೆಂಗಸನ್ನು ಯಾರು ತಾನೇ ನಂಬುತ್ತಾರೆ?

ಕಡಲ ದಡದ ನಮ್ಮ ಎನ್ಸುವಾನೊ ಊರಿಗೆಲ್ಲ ಇರುವುದು ನನ್ನದೊಂದೇ ಪ್ರೆಸ್. ಸೋದರಮಾವ ನಡೆಸುತ್ತಿದ್ದ, ಅವನ ನಂತರ, ಹನ್ನೊಂದು ವರ್ಷದ ಹಿಂದೆ, ನನಗೆ ಬಂತು. ಮದುವೆ ಪತ್ರಿಕೆ ವರ್ಷಕ್ಕೆ ಹತ್ತು ಬಂದರೆ ಹೆಚ್ಚು. ಅಂಗಡಿ ನಡೆಯುವುದು ಸತ್ತವರಿಂದ. ಶನಿವಾರ ಬಂತೆಂದರೆ ನಮ್ಮಲ್ಲಿ ಅಂತ್ಯಕ್ರಿಯೆ, ಅಂತ್ಯಕ್ರಿಯೆ ಎಂದರೆ ಪುಸ್ತಿಕೆ. ಮುಖಪುಟದಲ್ಲಿ ಸತ್ತವರ ದೊಡ್ಡ ಬಣ್ಣದ ಚಿತ್ರ, ಒಳಗೆ ಪ್ರಾರ್ಥನೆ, ಹೆಂಡತಿ ಮಕ್ಕಳ ನಾಲ್ಕು ಮಾತು, ಅದಕ್ಕೂ ಮೊದಲು ಜೀವನಚರಿತ್ರೆ. ಅದನ್ನು ಹೆಣದ ಮುಂದೆ ನಿಂತು ಗಟ್ಟಿಯಾಗಿ ಓದುತ್ತಾರೆ. ಓದುವಾಗ ಯಾರೂ ಎದುರಾಡಬಾರದು. ಓದಿದ ಮೇಲಂತೂ ಅದೇ ನಿಜ. ಹೆಣದ ಮುಂದೆ ಓದಿದ್ದನ್ನು ಸುಳ್ಳು ಎಂದವರನ್ನು ನಾನು ನೋಡಿರಲಿಲ್ಲ. ಅದಕ್ಕೇ ಊರಿನವರು ಅಲ್ಲಿ ಧೈರ್ಯವಾಗಿ ಸುಳ್ಳು ಹೇಳುತ್ತಾರೆ. ಕುಡಿದು ಹೆಂಡತಿಗೆ ಹೊಡೆಯುತ್ತಿದ್ದವನು "ಮನೆಗೆ ದೀಪವಾಗಿದ್ದ" ಎಂದು ಬರೆಸುತ್ತಾರೆ. ನಾನು ಅಕ್ಷರ ಜೋಡಿಸುತ್ತೇನೆ, ಬಾಯಿ ಮುಚ್ಚಿಕೊಂಡಿರುತ್ತೇನೆ.

ಟೀಚರ್ ಬಾಯಿ ಮುಚ್ಚಿಕೊಳ್ಳುವ ಪೈಕಿ ಅಲ್ಲ. ಮೂವತ್ತೊಂದು ವರ್ಷ ನಮ್ಮೂರ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಹೇಳಿದವರು. ಸೀಮೆಸುಣ್ಣ ಕದ್ದವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದರು. ಒಂದು ಸಲ ಕದಿಯದ ನನ್ನನ್ನೂ ಹಿಡಿದಿದ್ದಾರೆ, ಅದನ್ನು ನಾನು ಮರೆತಿಲ್ಲ. ಗಂಡ ಟಕೊರಾಡಿಯ ಬಂದರಿನಲ್ಲಿ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ. ಎಂಟು ವರ್ಷ ಪ್ರತಿ ತಿಂಗಳೂ ಅವನ ಕಾಗದ ಬರುತ್ತಿತ್ತು, ಪ್ರತಿ ಕಾಗದದಲ್ಲೂ ಪ್ರೀತಿ ತುಂಬಿ ತುಳುಕುತ್ತಿತ್ತು. ಆಮೇಲೆ ಯಾರ ಮಾತನ್ನೂ ಇನ್ನೊಬ್ಬರನ್ನು ಕೇಳದೆ ನಂಬಬಾರದು ಎಂದು ತೀರ್ಮಾನಿಸಿಕೊಂಡರಂತೆ. ನಿವೃತ್ತಿಯಾದ ವರ್ಷ ಯಾರೋ ಕೈಬರಹ ಚೆನ್ನಾಗಿದೆ ಎಂದು ಒಂದು ಜೀವನಚರಿತ್ರೆ ಬರೆಸಿದರು. ಅಲ್ಲಿಂದ ಹಿಡಿದರು, ಬಿಡಲಿಲ್ಲ.

ಅವರ ಕೆಲಸದ ರೀತಿ ಹೀಗೆ. ಹೆಚ್ಚು ಅಳುವವರನ್ನು ಕೊನೆಗೆ ಕೇಳುವುದು. ಸತ್ತವರ ಜೊತೆ ಜಗಳವಾಡಿದವರನ್ನು ಮೊದಲು ಕೇಳುವುದು. "ಎಲ್ಲರಿಗೂ ಬೇಕಾದವರಾಗಿದ್ದರು" ಎಂದರೆ "ಎಲ್ಲರೂ ಅಂದ್ರೆ ಯಾರು, ಎರಡು ಹೆಸರು ಹೇಳಿ" ಎನ್ನುವುದು. ಮನೆಯಲ್ಲಿ ಒಂದು ತಗಡಿನ ಟ್ರಂಕು ತುಂಬ ಹಳೆಯ ಪುಸ್ತಿಕೆಗಳಿದ್ದವು. ಒಬ್ಬರ ಪುಸ್ತಿಕೆಯ ಸುಳ್ಳನ್ನು ಇನ್ನೊಬ್ಬರ ಪುಸ್ತಿಕೆಯಿಂದ ಹಿಡಿಯುತ್ತಿದ್ದರು.

ಮರ್ಯಾದಸ್ಥರಿಗಿಂತ ಊರು ಉಗಿದು ಬಿಟ್ಟವರ ಮೇಲೆ ಅವರಿಗೆ ಆಸೆ. ಕೆಂಕೆ ಎಂಬ ಮೆಕ್ಕೆಜೋಳದ ಕಡುಬು ಮಾರುವ ಒಬ್ಬ ಮುದುಕಿಯನ್ನು ಊರೆಲ್ಲ ಮಾಟಗಾತಿ ಎನ್ನುತ್ತಿತ್ತು. ಹೆತ್ತ ಐದು ಮಕ್ಕಳನ್ನೂ ತಿಂದಳು ಎಂದು. ಟೀಚರ್ ಚರ್ಚಿನ ದಾಖಲೆ ಹುಡುಕಿ, ಆ ಐದು ಮಕ್ಕಳೂ ದಡಾರ ಬಂದ ಒಂದೇ ವರ್ಷದಲ್ಲಿ ಸತ್ತಿದ್ದನ್ನು, ಅದೇ ವರ್ಷ ಊರಲ್ಲಿ ಇನ್ನೂ ನಲವತ್ತು ಮಕ್ಕಳು ಸತ್ತಿದ್ದನ್ನು ಹೆಸರು ಸಮೇತ ಬರೆದರು. ಓದುವಾಗ ಜನ ಮಿಸುಕಲಿಲ್ಲ. ಇನ್ನೊಂದು ಸಲ ಚರ್ಚಿನ ಹಿರಿಯರೊಬ್ಬರ ಎರಡು ಸಂಸಾರದ ಮಕ್ಕಳ ಹೆಸರನ್ನೂ ವಯಸ್ಸಿನ ಪ್ರಕಾರ ಒಂದೇ ಪಟ್ಟಿಯಲ್ಲಿ ಹಾಕಿದರು. ಅವತ್ತು ಕುರ್ಚಿಗಳು ಹಾರಾಡಿದವು. ಟೀಚರ್ ಮಾತ್ರ ಕೊಡೆ ಹಿಡಿದುಕೊಂಡು ನೋಡುತ್ತಾ ಕೂತಿದ್ದರು. ನನಗೆ ಆಗಲೇ ಅನುಮಾನ, ಈ ಹೆಂಗಸಿಗೆ ನಿಜ ಬೇಕಿಲ್ಲ, ಕುರ್ಚಿ ಹಾರುವುದು ಬೇಕು ಎಂದು.

ಹೋದ ಜೂನ್‌ನಲ್ಲಿ ಕ್ವಮೀನಾ ಬೊಟ್ವೆ ಸತ್ತ. ಸುದ್ದಿ ಕೇಳಿ ನಾನು ಎರಡು ಬಾಟಲಿ ಬಿಯರ್ ತರಿಸಿ ಒಬ್ಬನೇ ಕುಡಿದೆ. ಮುಚ್ಚಿಡುವುದೇನು, ಖುಷಿಯಾಯಿತು.

ಯಾಕೆಂದರೆ ನನ್ನ ಅಣ್ಣ ಎಬೊನನ್ನು ಕೊಂದವನು ಅವನು. ಹಾಗೆಂದು ನಾನು ನಲವತ್ತು ವರ್ಷ ನಂಬಿದ್ದೆ. ಮಂಗಳವಾರ ನಮ್ಮಲ್ಲಿ ಯಾರೂ ಕಡಲಿಗೆ ಇಳಿಯುವುದಿಲ್ಲ; ಅದು ಕಡಲು ವಿಶ್ರಾಂತಿ ತೆಗೆದುಕೊಳ್ಳುವ ದಿನ. ೧೯೮೪ರ ಆಗಸ್ಟ್, ಬೂತಾಯಿ ಮೀನು ರಾಶಿ ರಾಶಿ ಬರುವ ಕಾಲ. ಕ್ವೆಕು ಅಮಿಸ್ಸಾ ಎಂಬ ಧಣಿಯ ಎಂಜಿನ್ ದೋಣಿಗೆ ಕ್ವಮೀನಾ ಮುಖ್ಯಸ್ಥ. ಒಂದು ಮಂಗಳವಾರ, ಧಣಿಗೆ ಗೊತ್ತಿಲ್ಲದೆ ಅವನು ಎಬೊನನ್ನೂ ಇನ್ನೊಬ್ಬ ಹುಡುಗನನ್ನೂ ಪುಸಲಾಯಿಸಿ ದೋಣಿ ಹೊರಡಿಸಿದ. ದೋಣಿ ಮಗುಚಿತು. ಜೊತೆಗೆ ಒಯ್ದಿದ್ದ ಸಣ್ಣ ಹುಟ್ಟಿನ ದೋಣಿಗೆ ಹಾರಿ ಅವನೊಬ್ಬನೇ ಬಚಾವಾದ. ಎಬೊಗೆ ಹತ್ತೊಂಬತ್ತು ವರ್ಷ, ನನಗೆ ಒಂಬತ್ತು. ಹೆಣವೂ ಸಿಗಲಿಲ್ಲ. ಹೆಣ ಸಿಗದವನಿಗೆ ಶನಿವಾರವೂ ಇಲ್ಲ, ಪುಸ್ತಿಕೆಯೂ ಇಲ್ಲ.

ಕ್ವಮೀನಾ ಆಮೇಲೆ ಯಾರ ದೋಣಿಯಲ್ಲೂ ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ. ದಡದ ತೆಂಗಿನ ಮರದ ಕೆಳಗೆ ಕೂತು ಹರಿದ ಬಲೆ ಹೆಣೆಯುತ್ತಿದ್ದ. ಕೂತವನು ಸುಮ್ಮನಿರುತ್ತಿರಲಿಲ್ಲ. "ನಾನು ಹೋಗ್ಲಿಲ್ಲ, ಅವರನ್ನ ವಾಪಸ್ ಕರ್ಕೊಂಡು ಬರಕ್ಕೆ ಹೋದೆ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಬಲೆ ಕೊಡಲು ಬಂದವರಿಗೆ, ದಾರಿ ಕೇಳಲು ನಿಂತವರಿಗೆ, ಮೇಕೆ ಹುಡುಕಿಕೊಂಡು ಬಂದವರಿಗೆ. ತಪ್ಪು ಮಾಡದವನು ಇಷ್ಟು ಮಾತಾಡುತ್ತಾನೆಯೇ? ಅವನು ಹೇಳಿದಷ್ಟೂ ನಮ್ಮ ಅನುಮಾನ ಗಟ್ಟಿಯಾಯಿತು.

ಅವನು ಸತ್ತ ಎರಡನೇ ವಾರ ಅವನ ಮಗಳು ಅಜೋವಾ ನನ್ನ ಅಂಗಡಿಗೆ ಬಂದಳು. ಕೇಪ್ ಕೋಸ್ಟ್‌ನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಹೆಂಗಸು, ನಲವತ್ತರ ಹತ್ತಿರದ ವಯಸ್ಸು. ನಾನು ಯಾರೆಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಹೊಸ್ತಿಲ ಹೊರಗೇ ನಿಂತಳು. ಅವಳು ಬಂದಿದ್ದು ಒಳಗೆ ನನ್ನ ಕುರ್ಚಿಯಲ್ಲಿ ಕೂತಿದ್ದ ಟೀಚರ್ ಹತ್ತಿರ.

"ಟೀಚರಮ್ಮ, ಅಪ್ಪನ ಹೆಣ ಮನೆಗೆ ತರಕ್ಕೆ ಬಿಡ್ತಿಲ್ಲ" ಎಂದಳು. "ಶವಾಗಾರದಿಂದ ನೇರ ಗುಂಡಿಗೆ ಅಂತಿದ್ದಾರೆ."

ನಮ್ಮಲ್ಲಿ ಹೆಣ ಸತ್ತವನ ತಾಯಿ ಮನೆತನಕ್ಕೆ ಸೇರಿದ್ದು. ಹೆಂಡತಿ ಮಕ್ಕಳು ಅಳಬಹುದು, ಹೇಳುವ ಹಾಗಿಲ್ಲ. ಕ್ವಮೀನಾನ ಮನೆತನದ ಯಜಮಾನ ಅಟೊ ಕ್ವಾನ್ಸಾ ಖಡಾಖಂಡಿತವಾಗಿ ಹೇಳಿದ್ದನಂತೆ, ಮಂಗಳವಾರ ಮುರಿದವನು ಮನೆತನದ ಮನೆಯ ಬಾಗಿಲಲ್ಲಿ ಬರಕೂಡದು ಎಂದು. ಒಂದು ರಾತ್ರಿಯಾದರೂ ಆ ಮನೆಯಲ್ಲಿ ಮಲಗದೆ, ಜನ ಸುತ್ತ ಕೂತು ಮಾತಾಡಿಸದೆ, ಅನಾಥ ಹೆಣದಂತೆ ಮಣ್ಣಿಗೆ ಹೋಗುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿಲ್ಲ. ಕೊನೆಗೆ ಅವಳು ಕಾಲಿಗೆ ಬಿದ್ದ ಮೇಲೆ ಅವನು ಒಂದು ಷರತ್ತು ಹಾಕಿದ: ಸತ್ತ ಇಬ್ಬರು ಹುಡುಗರ ಮನೆಯವರೂ ಒಪ್ಪಿದರೆ ಹೆಣ ಒಳಗೆ ಬರಲಿ.

"ಎರಡರಲ್ಲಿ ಒಂದು ಮನೆ ಇದು" ಎಂದು ಟೀಚರ್ ನನ್ನ ಕಡೆ ಗದ್ದ ತೋರಿಸಿದರು.

"ಇನ್ನೊಂದು ಮನೆಯವ್ರು ನೀವು ಬರೆದಿದ್ದು ನೋಡಿ ಹೇಳ್ತೀವಿ ಅಂದಿದ್ದಾರೆ. ನಿಜ ಏನಿದ್ಯೋ ಅದನ್ನ ಬರೀರಿ. ಅಪ್ಪ ತಪ್ಪು ಮಾಡಿದ್ರೆ ತಪ್ಪು ಅಂತ್ಲೇ ಬರೀರಿ."

"ತಪ್ಪಿದ್ರೆ ನೀನು ಹೇಳದಿದ್ರೂ ಬರೀತೀನಿ" ಎಂದರು ಟೀಚರ್.

ಅವಳು ಹೋದ ಮೇಲೆ ನಾನು ಹೇಳಿದೆ, "ಟೀಚರ್, ಇದನ್ನ ನಾನು ಅಚ್ಚು ಹಾಕಲ್ಲ. ಕೇಪ್ ಕೋಸ್ಟ್‌ಗೆ ಹೋಗಿ ಹಾಕಿಸ್ಕೊಳ್ಳಲಿ."

"ನಿನ್ನ ಕೇಳಿದವ್ರು ಯಾರೋ? ಇನ್ನೂ ಬರ್ದೇ ಇಲ್ಲ."

ಒಂದು ತಿಂಗಳು ಅವರು ಊರೆಲ್ಲ ಸುತ್ತಿದರು. ಆ ಬಿಸಿಲಲ್ಲಿ, ಎಂಬತ್ತು ದಾಟಿದ ವಯಸ್ಸಲ್ಲಿ. ದೋಣಿ ಎಳೆಯುವವರ ಹತ್ತಿರ, ಮೀನಿಗೆ ಹೊಗೆ ಹಾಕುವ ಹೆಂಗಸರ ಹತ್ತಿರ. ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ. ಅಜೋವಾ ಎರಡು ಗಜ ಒಳ್ಳೆಯ ಬಟ್ಟೆ ತಂದುಕೊಟ್ಟಳೆಂದು ಯಾರೋ ಹೇಳಿದರು. ಅದೇ ಬಟ್ಟೆಯ ಹೊಸ ರವಿಕೆ ತೊಟ್ಟು ಟೀಚರ್ ಅಂಗಡಿಗೆ ಬಂದೂ ಬಿಟ್ಟರು. ಇನ್ನೇನು ಬೇಕು? ಮುದುಕಿ ಮಾರಿಕೊಂಡಳು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಬಟ್ಟೆ ಅವರೇ ಕೊಂಡದ್ದು, ಹೊಲಿಗೆ ಮಾತ್ರ ಅಜೋವಾಳದು. ಹೊಲಿಯುವಾಗ ಮನುಷ್ಯರು ಬಾಯಿ ಬಿಡುತ್ತಾರೆಂದು ಅಳತೆ ಕೊಡಲು ಹೋಗಿ ನಾಲ್ಕು ಗಂಟೆ ಕೂತು ಬಂದಿದ್ದರು.

ಜುಲೈ ಕೊನೆಯ ಒಂದು ಮಧ್ಯಾಹ್ನ ನನ್ನನ್ನೇ ಹಿಡಿದರು. ನಾನು ಎಲೆ ಬಿಚ್ಚಿ ಕೆಂಕೆಯನ್ನು ಖಾರದ ಚಟ್ನಿಗೆ ಅದ್ದಿ ತಿನ್ನುತ್ತಿದ್ದೆ.

"ಎಕೋ, ಎಂಜಿನ್ ದೋಣಿ ಪೆಟ್ರೋಲ್ ಇಲ್ದೆ ಹೋಗುತ್ತಾ?"

"ಹೋಗಲ್ಲ."

"ಅಮಿಸ್ಸಾ ಪೆಟ್ರೋಲ್ ಎಲ್ಲಿಡ್ತಿದ್ದ?"

"ಅಂಗಳದ ಕೋಣೇಲಿ. ಬೀಗ ಹಾಕಿ. ಊರಿಗೇ ಗೊತ್ತು."

"ಮತ್ತೆ ಅವತ್ತು ಕೋಣೆ ಬಾಗಿಲು ತೆಗೆದವ್ರು ಯಾರು?"

ನನಗೆ ರೇಗಿತು. ಕೈಯಲ್ಲಿದ್ದ ತುತ್ತು ಎಲೆಗೆ ಹಾಕಿದೆ. "ತಮಾಷೆ ಮಾಡ್ತೀರಾ ಟೀಚರ್? ಕ್ವಮೀನಾ ಬೀಗ ಒಡ್ದು ಪೆಟ್ರೋಲ್ ಕದ್ದ. ನಾನು ಹೇಳ್ತಿರೋದಲ್ಲ, ನೀವೇ ಬರ್ದಿರೋದು! ಅಮಿಸ್ಸಾ ಸತ್ತಾಗ ಅವನ ಜೀವನಚರಿತ್ರೇಲಿ ಹಾಕಿದ್ದೀರಲ್ಲ. ಎರಡು ಸಾವಿರ ಜನದ ಮುಂದೆ ಓದಿದ್ರು. ನಾನೂ ಅಲ್ಲೇ ಇದ್ದೆ."

ಟೀಚರ್ ನನ್ನನ್ನೇ ನೋಡಿದರು. ಎದ್ದು, ಫ್ಯಾನನ್ನು ನನ್ನ ಕಡೆಗೆ ತಿರುಗಿಸಿಟ್ಟು, ಹೋದರು. ಫ್ಯಾನ್ ತಿರುಗಿಸಿದ್ದು ನೋಡಿಯೇ ನನಗೆ ಏನೋ ಕೆಟ್ಟಿದೆ ಎನ್ನಿಸಿತು.

ಮರುದಿನ ಅಂಗಡಿ ತೆಗೆಯುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅಮಿಸ್ಸಾನ ಹಳೆಯ ಪುಸ್ತಿಕೆ. ಹತ್ತೊಂಬತ್ತು ವರ್ಷದ ಹಿಂದಿನದು, ನನ್ನ ಸೋದರಮಾವ ಅಚ್ಚು ಹಾಕಿದ್ದು. ಮೂರನೇ ಪುಟ ಬಿಚ್ಚಿ ಮೇಜಿನ ಮೇಲಿಟ್ಟರು.

"ಓದು."

ಓದಿದೆ. ಧಣಿ ಹುಟ್ಟಿದ್ದು, ದೋಣಿ ಕಟ್ಟಿಸಿದ್ದು, ಚರ್ಚಿಗೆ ಬೆಂಚು ಕೊಟ್ಟಿದ್ದು. "ಸರಿಯಾಗಿದೆಯಲ್ಲ" ಎಂದೆ.

"ಇನ್ನೊಂದು ಸಲ ಓದು. ಗಟ್ಟಿಯಾಗಿ."

ಪುಟದ ಮೇಲ್ಭಾಗದಲ್ಲಿ ಹೀಗಿತ್ತು: "೧೯೭೯ರಲ್ಲಿ ಹಡಗಿನ ಕಪ್ತಾನನೊಬ್ಬ ಮೆಚ್ಚಿ ಕೊಟ್ಟ ಹಿತ್ತಾಳೆಯ ಬೀಗ ಅಂದಿನಿಂದ ಇಂದಿನವರೆಗೂ ಇವರ ಪೆಟ್ರೋಲ್ ಕೋಣೆಯನ್ನು ಕಾಯುತ್ತಿದೆ, ಒಮ್ಮೆಯೂ ಕೈಕೊಟ್ಟಿಲ್ಲ." ಕೆಳಗೆ, ಅದೇ ಪುಟದಲ್ಲಿ: "೧೯೮೪ರಲ್ಲಿ ಇವರು ಜ್ವರದಿಂದ ಮಲಗಿದ್ದಾಗ ಕ್ವಮೀನಾ ಬೊಟ್ವೆ ಎಂಬುವನು ಪೆಟ್ರೋಲ್ ಕೋಣೆಯ ಬೀಗ ಒಡೆದು, ಮಂಗಳವಾರವೆಂದೂ ನೋಡದೆ ದೋಣಿ ಒಯ್ದನು."

ಎರಡು ಸಾವಿರ ಜನ ಕೇಳಿದ್ದರು. ಪುಸ್ತಿಕೆಯನ್ನು ಮನೆ ಮನೆಯಲ್ಲಿ ಇಟ್ಟುಕೊಂಡಿದ್ದರು. ಒಬ್ಬರಿಗೂ ಕಾಣಲಿಲ್ಲ.

"ಮೇಲಿನ ಸಾಲು ಮಗ ಹೇಳಿದ್ದು, ಕೆಳಗಿನದು ಹೆಂಡತಿ ಹೇಳಿದ್ದು" ಎಂದರು ಟೀಚರ್. "ಎರಡನ್ನೂ ಬರ್ಕೊಂಡೆ. ಆಗ ಹೊಸದು ನನಗೆ, ಹೆಣ ಮುಂದಿಟ್ಕೊಂಡು ಮನೆಯವ್ರು ಸುಳ್ಳು ಹೇಳಲ್ಲ ಅಂತಿದ್ದೆ. ಆಮೇಲೆ ಊರಿನ ಎಲ್ಲರ ಪುಸ್ತಿಕೆಯನ್ನೂ ಅನುಮಾನದಿಂದ್ಲೇ ಓದ್ದೆ ಕಣೋ. ನಂದನ್ನ ಮಾತ್ರ ಓದ್ಲಿಲ್ಲ. ನಾನೇ ಬರ್ದಿದ್ದಲ್ವಾ, ಗೊತ್ತಿರೋದೇ ಅಂತ."

"ಹಳೇ ಬೀಗಾನೇ ರಿಪೇರಿ ಮಾಡಿಸಿರಬಹುದು" ಎಂದೆ. ಸೋಲೊಪ್ಪಿಕೊಳ್ಳಲು ಮನಸ್ಸಿರಲಿಲ್ಲ. "ನೀವು ಏನಾದ್ರೂ ಮಾಡಿ ಅವನನ್ನ ದೇವರು ಮಾಡ್ಬೇಕು ಅಂತ ಹೊರಟಿದ್ದೀರಿ."

"ಅನುಮಾನ ಇದ್ರೆ ಬಾ ನನ್ನ ಜೊತೆ."

ಹೋದೆ. ಟೀಚರ್ ಏನು ಮಸಲತ್ತು ಮಾಡುತ್ತಾರೋ ನೋಡೋಣ ಎಂದೇ ಹೋದೆ.

ಅಮಿಸ್ಸಾನ ಹೆಂಡತಿ ಎಕುವಾ ಅಜ್ಜಿಗೆ ತೊಂಬತ್ತರ ಹತ್ತಿರ. ಅಂಗಳದಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಕೋಣೆಯ ಬಾಗಿಲಲ್ಲಿ ಬೀಗ ನೇತಾಡುತ್ತಿತ್ತು, ನನ್ನ ಅಂಗೈಯಷ್ಟು ದೊಡ್ಡದು, ಮೇಲೆ ಯಾವುದೋ ಹಡಗಿನ ಹೆಸರು ಕೊರೆದಿತ್ತು. ನಾನು ಹತ್ತಿರ ಹೋಗಿ ತಿರುಗಿಸಿ ನೋಡಿದೆ. ಒಡೆದ ಗುರುತು ಇಲ್ಲ, ಬೆಸೆದ ಗುರುತೂ ಇಲ್ಲ. ಬಾಗಿಲ ಚಿಲಕವೂ ಹಳೆಯದೇ, ಒಂದು ಮೊಳೆ ಕೂಡ ಅಲುಗಿರಲಿಲ್ಲ.

"ಅದನ್ಯಾಕೆ ಮುಟ್ತಿದ್ದಾನೆ ಇವನು?" ಎಂದಳು ಅಜ್ಜಿ. "ಇವನು ಆ ಪ್ರೆಸ್ಸಿನವನಲ್ವಾ?"

"ಎಬೊ ತಮ್ಮ" ಎಂದರು ಟೀಚರ್.

ಅಜ್ಜಿಯ ಮುಖ ಬದಲಾಯಿತು. ತಲೆಯ ಬಟ್ಟೆ ಸರಿ ಮಾಡಿಕೊಂಡಳು, ಕೋಳಿಯನ್ನು ಸುಮ್ಮಸುಮ್ಮನೆ ಓಡಿಸಿದಳು.

"ಎಕುವಾ ಅಕ್ಕ, ಬೀಗ ಒಡೆದ್ರು ಅಂತ ಹೇಳಿದ್ರಿ ನಂಗೆ. ಬೀಗ ಚೆನ್ನಾಗಿದೆ."

"ನನ್ನ ಗಂಡನ ಹೆಣ ಮನೇಲಿತ್ತು. ನೀನು ಬಂದು ಏನು ಬರೀಲಿ ಅಂತ ಕೇಳ್ದೆ. ಏನು ಬರೀಬೇಕೋ ಹೇಳ್ದೆ. ಏನು ನಡೀತು ಅಂತ ಕೇಳಿದ್ಯಾ ನೀನು?"

"ಈಗ ಕೇಳ್ತಿದ್ದೀನಿ."

"ಈಗ ಕೇಳಿ ಯಾರಿಗೇನು ಲಾಭ?"

"ಒಂದು ಹೆಣ ಹೊರಗಿದೆ" ಎಂದರು ಟೀಚರ್. "ಇಲ್ಲಿವರೆಗೆ ಬರೋ ವಯಸ್ಸು ನಂದೂ ಅಲ್ಲ, ಮುಚ್ಚಿಡೋ ವಯಸ್ಸು ನಿಮ್ದೂ ಅಲ್ಲ. ಹೇಳಿಬಿಡಿ."

ಅಜ್ಜಿ ಟೀಚರ್ ಕಡೆ ನೋಡದೆ ನನ್ನನ್ನು ನೋಡಿ ಮಾತಾಡಿದಳು. "ಬೀಗದ ಕೈ ನಾನೇ ಕೊಟ್ಟಿದ್ದು ಮಗಾ. ನಿಮ್ಮಣ್ಣನ ಕೈಗೆ. ಯಜಮಾನ್ರು ಕೊಡು ಅಂದ್ರು, ಕೊಟ್ಟೆ. ಜ್ವರ ಇರ್ಲಿಲ್ಲ, ಏನೂ ಇರ್ಲಿಲ್ಲ ಅವರಿಗೆ. ಬೂತಾಯಿ ದಡಕ್ಕೇ ಬಂದು ಕುಣೀತಿದೆ, ಬುಧವಾರದವರೆಗೆ ಕಾದ್ರೆ ಬೇರೆಯವ್ರ ಪಾಲಾಗುತ್ತೆ ಅಂತ ಆಸೆ. ಹಿಂದಿನ ದಿನಾನೇ ಕ್ವಮೀನಾ ಇಲ್ಲೇ ನಿಂತು ಕೂಗಾಡಿದ್ದ, ನಾನು ಮಂಗಳವಾರ ಇಳಿಯಲ್ಲ ಅಂತ. ಅವನು ಬರ್ದೇ ಇದ್ರೆ ಹುಡುಗ್ರನ್ನೇ ಕಳಿಸ್ತೀನಿ ಅಂದ್ರು ಇವ್ರು. ಮಧ್ಯಾಹ್ನ ಅವನು ಮತ್ತೆ ಬಂದ. ಹುಡುಗ್ರು ಎಲ್ಲಿ ಅಂತ ಕೇಳ್ದ. ನಾನು ಕಡಲ ಕಡೆ ತೋರಿಸ್ದೆ. ಹುಟ್ಟಿನ ದೋಣಿ ತಗೊಂಡು ಹೋದ."

"ಮತ್ತೆ ಊರಿನವ್ರಿಗೆ ಏನು ಹೇಳಿದ್ರಿ?" ಎಂದೆ.

"ಅವನೊಬ್ಬನೇ ವಾಪಸ್ ಬಂದಿದ್ದನ್ನ ಊರು ನೋಡ್ತು. ಮಿಕ್ಕಿದ್ದು ಊರೇ ಹೇಳ್ಕೊಂಡ್ತು. ನಾವು ಅಲ್ಲ ಅನ್ಲಿಲ್ಲ, ಅಷ್ಟೇ."

ವಾಪಸ್ ಬರುವಾಗ ಟೀಚರ್ ದಾರಿಯಲ್ಲಿ ಎರಡು ಸಲ ನಿಂತರು. ಬಿಸಿಲಿಗೆ ಎಂದುಕೊಂಡೆ. ಎರಡನೇ ಸಲ ನಿಂತಾಗ ಹೇಳಿದರು, "ಅಮಿಸ್ಸಾದು ಬರೆಯುವಾಗ ಕ್ವಮೀನಾ ನಮ್ಮನೆಗೆ ಬಂದಿದ್ದ ಎಕೋ. ಜಗಲಿ ಮೇಲೆ ನಿಂತು, ನನ್ನನ್ನೂ ಕೇಳಿ ಟೀಚರ್ ಅಂದ. ಮನೆಯವ್ರು ಕೊಟ್ಟ ಪಟ್ಟೀಲಿ ನಿನ್ನ ಹೆಸರಿಲ್ಲ ಅಂತ ಕಳಿಸಿಬಿಟ್ಟೆ."

ಅವರ ಮೇಲೆ ಸಿಟ್ಟು ಬಂತು, ಅಮಿಸ್ಸಾನ ಮೇಲೆ ಬಂತು, ಬೀಗದ ಕೈ ಇಸಿದುಕೊಂಡ ಎಬೊನ ಮೇಲೂ ಬಂತು. ನಲವತ್ತು ವರ್ಷ ಒಬ್ಬನ ಮೇಲೆ ಇಟ್ಟಿದ್ದ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ.

ನಾಲ್ಕು ದಿನದಲ್ಲಿ ಬರೆದು ತಂದರು. ನಾನು ಅಷ್ಟು ವರ್ಷ ನೋಡಿದ ಜೀವನಚರಿತ್ರೆಗಳೆಲ್ಲ ಸತ್ತವನ ಹುಟ್ಟಿನಿಂದ ಶುರುವಾಗುತ್ತವೆ. ಇದು ಹೀಗೆ ಶುರುವಾಗಿತ್ತು: "ಕ್ವೆಕು ಅಮಿಸ್ಸಾ ಅವರ ಪುಸ್ತಿಕೆಯ ಮೂರನೇ ಪುಟದಲ್ಲಿ ಕ್ವಮೀನಾ ಬೊಟ್ವೆ ಬೀಗ ಒಡೆದನೆಂದು ಬರೆದವಳು ನಾನು. ಅದು ಸುಳ್ಳು. ಬೀಗ ಒಡೆದಿಲ್ಲ. ಕ್ವಮೀನಾ ಅವರನ್ನು ನಾನು ಕೇಳಲಿಲ್ಲ." ಕೆಳಗೆ ಪೂರ್ತಿ ಹೆಸರು, ಸಹಿ.

"ಟೀಚರ್, ಇದು ಓದಿದ್ರೆ ನಿಮ್ಮ ಹತ್ರ ಇನ್ಮೇಲೆ ಯಾರೂ ಬರಲ್ಲ" ಎಂದೆ. "ಇದೊಂದು ಸುಳ್ಳಾದ್ರೆ ಮಿಕ್ಕಿದ್ದೆಷ್ಟು ಅಂತ ಕೇಳ್ತಾರೆ."

"ಕೇಳ್ಲಿ. ಕೇಳಬೇಕಾದ್ದೇ."

"ನಿಮ್ಮ ಹೆಸರು ಬಿಟ್ಟು, 'ಹಿಂದೆ ತಪ್ಪಾಗಿ ಅಚ್ಚಾಗಿತ್ತು' ಅಂತ ಹಾಕಿದ್ರೆ? ಬೇಕಾದ್ರೆ ಪ್ರೆಸ್ಸಿನ ತಪ್ಪು ಅನ್ನಿ. ಮಾವ ಹೆಂಗೂ ಸತ್ತಿದ್ದಾನೆ."

ಆಗ ಅವರು ನಕ್ಕರು, ಆ ತಿಂಗಳಲ್ಲಿ ಮೊದಲ ಸಲ. "ಸತ್ತವ್ರ ಮೇಲೆ ಹಾಕೋದು ನಿಂಗೂ ಬಂತಲ್ಲ! ಅಕ್ಷರ ಜೋಡಿಸು."

ನಾನು ಮುಗಿಸುವವರೆಗೂ ಹನ್ನೊಂದು ವರ್ಷದ ಅನುಮಾನ ನನ್ನ ಪಕ್ಕದಲ್ಲೇ ಕೂತಿತ್ತು. ಇದರಲ್ಲೂ ಏನೋ ಲೆಕ್ಕಾಚಾರವಿರಬೇಕು, ಹೊಗಳಿಸಿಕೊಳ್ಳುವ ಆಸೆಯಿರಬೇಕು ಎಂದು. ಆದರೆ ತಮ್ಮ ಮರ್ಯಾದೆಯನ್ನು ತಾವೇ ಬೀದಿಗೆ ಹಾಕಿಕೊಳ್ಳುವವರು ಇನ್ನೇನು ಕದಿಯಲು ಸಾಧ್ಯ?

ಇನ್ನೊಂದು ಮನೆಯವರು ಪುಟ ಓದಿದ ದಿನವೇ ಒಪ್ಪಿದರು. ಉಳಿದದ್ದು ನಮ್ಮ ಮನೆ. ನಮ್ಮ ಮನೆಯೆಂದರೆ ಅವ್ವ. ನಾನು ಒಪ್ಪಿದರೂ ಬಿಟ್ಟರೂ ಅವಳ ಮಾತೇ ಮಾತು. ಎಂಬತ್ತನಾಲ್ಕು ವರ್ಷ, ಕಣ್ಣು ಮಂಜು, ಕಿವಿ ಚುರುಕು. ಅಂತ್ಯಕ್ರಿಯೆಯ ಹಿಂದಿನ ಮಂಗಳವಾರ ಟೀಚರನ್ನೂ ಅಜೋವಾಳನ್ನೂ ನಾನೇ ಮನೆಗೆ ಕರೆದುಕೊಂಡು ಹೋದೆ.

ಟೀಚರ್ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಬೀಗದ ಕೈ ಎಬೊಗೆ ಕೊಟ್ಟದ್ದು, ಕ್ವಮೀನಾ ಮಧ್ಯಾಹ್ನ ಹುಟ್ಟಿನ ದೋಣಿಯಲ್ಲಿ ಹೋದದ್ದು, ಒಬ್ಬನೇ ಬಂದದ್ದು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೇಳಿದಳು.

ಮುಗಿದ ಮೇಲೆ, "ಅರಾಬಾ, ಇದು ನಿಜ ಅಂತ ನಾನು ಹೆಂಗೆ ನಂಬ್ಲಿ? ಅದನ್ನೂ ನೀನೇ ಬರ್ದೆ, ಇದನ್ನೂ ನೀನೇ ಬರ್ದಿದ್ದೀಯ" ಎಂದಳು.

ಟೀಚರ್ ತಲೆ ತಗ್ಗಿಸಿದರು.

"ಬೀಗ ನಾನು ನೋಡ್ದೆ ಅವ್ವ" ಎಂದೆ. "ಕೈಯಲ್ಲಿ ಹಿಡ್ದು ನೋಡ್ದೆ. ಎಕುವಾ ಅಜ್ಜಿ ಹೇಳಿದ್ದು ಈ ಕಿವೀಲಿ ಕೇಳ್ದೆ."

"ನಿನ್ನಣ್ಣನ ಮೇಲೆ ಪ್ರಮಾಣ ಮಾಡ್ತೀಯಾ?"

"ಮಾಡ್ತೀನಿ."

ಅವ್ವ ಅಜೋವಾಳನ್ನು ಹತ್ತಿರ ಕರೆದು ಮುಖ ತಡವಿದಳು. "ಹೆಣ ಮನೆಗೆ ಬರ್ಲಿ ಅಂತ ಅಟೊಗೆ ಹೇಳು" ಎಂದಳು. "ನಾನು ಹೇಳ್ದೆ ಅಂತ ಹೇಳು."

ಅಜೋವಾ ಅಲ್ಲೇ ಕುಸಿದು ಕೂತು ಅತ್ತಳು. ಎರಡು ತಿಂಗಳಿನಿಂದ ಹಿಡಿದಿಟ್ಟುಕೊಂಡದ್ದೆಲ್ಲ ಬಂತು. ನಾನು ನೀರು ತರಲು ಎದ್ದೆ. ಬಂದ ಕೆಲಸ ಮುಗಿಯಿತು ಎಂದುಕೊಂಡು ಟೀಚರ್ ನೋಟ್‌ಬುಕ್ ಮುಚ್ಚುತ್ತಿದ್ದರು.

ಆಗ ಅವ್ವ ಕೇಳಿದಳು. "ಅವನು ನಮ್ಮ ಬಾಗಿಲಿಗೆ ಮೂರು ಸಲ ಬಂದಿದ್ದ. ಒಂದು ಮಾತು ಹೇಳ್ಬೇಕು, ನಿಮಗೊಬ್ಬರಿಗೇ ಅಂದ. ಮೂರು ಸಲವೂ ಬಾಗಿಲು ಹಾಕ್ದೆ. ಕೊನೇ ಸಲ ಬಿಸಿನೀರು ಎರಚ್ದೆ. ಏನು ಹೇಳಕ್ಕೆ ಬಂದಿದ್ದ ಮಗಳೇ?"

ಅಜೋವಾ ಕಣ್ಣೊರೆಸಿಕೊಂಡಳು. ಹೇಳಲೋ ಬೇಡವೋ ಎಂದು ಟೀಚರ್ ಮುಖ ನೋಡಿದಳು. "ಅಪ್ಪ ದೋಣಿ ಹತ್ರ ಹೋಗೋ ಹೊತ್ತಿಗೆ ಆ ಇನ್ನೊಬ್ಬ ಹುಡುಗ ಮುಳುಗಿ ಹೋಗಿದ್ನಂತೆ ಅಜ್ಜಿ. ನಿಮ್ಮ ಮಗ ಮಗುಚಿದ ದೋಣಿ ಹಿಡ್ಕೊಂಡು ಇನ್ನೂ ಜೀವಂತ ಇದ್ರಂತೆ. ಅಪ್ಪನ ಹತ್ರ ಮಾತಾಡಿದ್ರಂತೆ. ಅಪ್ಪ ಕೈ ಚಾಚಿದಾಗ ದೊಡ್ಡ ಅಲೆ ಬಂತಂತೆ."

"ಏನು ಮಾತಾಡ್ದ?"

"ನಂಗೆ ಹೇಳ್ಲಿಲ್ಲ. ಎಷ್ಟೋ ಸಲ ಕೇಳ್ದೆ. ಅದು ಅವನ ತಾಯಿಗೆ ಹೇಳಿ ಕಳ್ಸಿರೋ ಮಾತು, ನಿಂಗಲ್ಲ ಅಂದ್ರು. ಆಸ್ಪತ್ರೇಲಿ ಕೂಡ ಹೇಳ್ಲಿಲ್ಲ."

ಟೀಚರ್ ಊರೆಲ್ಲ ಕೇಳಿದ್ದರು, ಎರಡು ನೋಟ್‌ಬುಕ್ ತುಂಬಿಸಿದ್ದರು. ಈ ಒಂದು ಮಾತು ಯಾವ ಟ್ರಂಕಿನಲ್ಲೂ ಇರಲಿಲ್ಲ. ಅವ್ವ ಗೋಡೆಗೆ ಒರಗಿದಳು. ಅವತ್ತು ಊಟ ಮಾಡಲಿಲ್ಲ.

ಶುಕ್ರವಾರ ಹೆಣ ಮನೆತನದ ಮನೆಗೆ ಬಂತು, ಮುಂಬಾಗಿಲಿನಿಂದಲೇ. ಬಿಳಿ ಬಟ್ಟೆ ಹಾಸಿದ ಮಂಚದ ಮೇಲೆ ಕ್ವಮೀನಾನನ್ನು ಮಲಗಿಸಿದರು. ಶನಿವಾರ ಬೆಳಿಗ್ಗೆ ಟೀಚರ್ ತಾವೇ ನಿಂತು ಓದಿದರು. ಮೊದಲ ಮೂರು ವಾಕ್ಯಕ್ಕೆ ಜನರಲ್ಲಿ ಗುಸುಗುಸು ಎದ್ದಿತು, ಅಮಿಸ್ಸಾನ ಮಗ ಎದ್ದು ಹೊರಟು ಹೋದ, ಯಾರೋ ಹಿಂದಿನಿಂದ "ಹಾಗಾದ್ರೆ ನಮ್ಮಪ್ಪನದು?" ಎಂದು ಕೂಗಿದರು. ಟೀಚರ್ ಓದುವುದನ್ನು ನಿಲ್ಲಿಸಲಿಲ್ಲ.

ನಾನು ಅದನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅವ್ವನನ್ನು ನೋಡುತ್ತಿದ್ದೆ. ಬೆಳಗಿನ ಜಾವವೇ ಬಂದು ಮಂಚದ ತಲೆಯ ಹತ್ತಿರ ಮಣೆ ಹಾಕಿಸಿಕೊಂಡು ಕೂತಿದ್ದಳು. ಎಲ್ಲರೂ ಸರದಿಯಲ್ಲಿ ಬಂದು ಸತ್ತವನಿಗೆ ತಮ್ಮ ತಮ್ಮ ಮಾತು ಹೇಳಿ ಹೋಗುತ್ತಿದ್ದರು. ಅವ್ವ ಹೇಳುತ್ತಿರಲಿಲ್ಲ. ಬಾಗಿ, ತನ್ನ ಕಿವಿಯನ್ನು ಅವನ ಬಾಯಿಯ ಹತ್ತಿರ ಇಟ್ಟಿದ್ದಳು.

"ಈಗ ಹೇಳು ಕ್ವಮೀನಾ" ಎನ್ನುತ್ತಿದ್ದಳು. "ಬಂದಿದ್ದೀನಿ. ಹೇಳಪ್ಪ."

ಪೆಟ್ಟಿಗೆ ತಂದವರು ಪಕ್ಕದಲ್ಲಿ ಬಂದು ನಿಂತರು. ಅವಳನ್ನು ಏಳಿಸಲು ನನಗೂ ಧೈರ್ಯ ಬರಲಿಲ್ಲ.